ಪಿಯಾನೊ ಕೇಳಿದರೆ ಪಾರ್ಕಿಗೆ

ಜಿಮ್ ಇಲ್ಲ, ಫೀಸ್ ಇಲ್ಲ.
ಆದ್ರೂ ಜಪಾನಿನ ಅಜ್ಜ ಅಜ್ಜಿಯರು
ದಿನಾ ವ್ಯಾಯಾಮ ತಪ್ಪಿಸಲ್ಲ. ಹೇಗೆ?

ಅಲ್ಲಿಗೆ ಹೋದ್ರೆ
ಬೆಳಿಗ್ಗೆ ಆರೂವರೆಗೆ ಪಾರ್ಕಿಗೆ ಹೋಗಿ ನೋಡಿ.
ಒಂದು ಪುಟ್ಟ ರೇಡಿಯೊ.
ಅದರಲ್ಲಿ ಪಿಯಾನೊ.
ಮಂಗಳಾರತಿ ಗಂಟೆ ಕೇಳಿದ್ರೆ
ಯಾರೂ ಹೇಳದೇ ಎದ್ದು ನಿಲ್ತೀವಲ್ಲ?
ಹಾಗೇ ಎಲ್ಲರೂ ನಿಲ್ತಾರೆ.

ಕೈ ಮೇಲೆ.
ಸೊಂಟ ಆಚೆ, ಈಚೆ.
ಸಣ್ಣಗೆ ಜಿಗಿತ.
13 ಬಗೆ, ಮೂರೇ ನಿಮಿಷ!

ಇದೇ ರೇಡಿಯೊ ತೈಸೊ.
1928ರಲ್ಲಿ ಶುರುವಾಗಿದ್ದು.
ಎರಡನೇ ಮಹಾಯುದ್ಧದ ನಂತರ ನಿಂತುಹೋಗಿ,
1951ರಲ್ಲಿ ಹೊಸದಾಗಿ ಬಂತು.
ಅಲ್ಲಿನ ಎನ್‌ಎಚ್‌ಕೆ ರೇಡಿಯೊದಲ್ಲಿ ಇವತ್ತಿಗೂ ಬರುತ್ತೆ.

ಬೇಸಿಗೆ ರಜೆಯಲ್ಲಿ ಮಕ್ಕಳೂ ಬರ್ತಾರೆ,
ಕೊರಳಿಗೆ ಕಾರ್ಡ್ ಹಾಕ್ಕೊಂಡು.
ಬಂದ ದಿನಕ್ಕೊಂದು ಮುದ್ರೆ.

ನನಗೆ ತುಂಬಾ ಹಿಡಿಸಿದ್ದು ಇದು:
ಇಲ್ಲಿ ಯಾರ ಜೊತೆಗೂ ಸ್ಪರ್ಧೆಯಿಲ್ಲ.
ಮಂಡಿ ನೋವಿದ್ರೆ
ಕುರ್ಚಿ ಮೇಲೆ ಕೂತೇ ಮಾಡಬಹುದು.
ಅಮ್ಮನ ಜೊತೆ ನಾಳೆನೇ ಮಾಡಿ ನೋಡಿ.