ನಿಮಗಿದು ಗೊತ್ತೆ? ಏಳು ಸ್ವರಕ್ಕೆ ಏಳು ಕಾರ್ಡ್!

ರಾಯಚೂರು ಜಿಲ್ಲೆಯ ನೀರಮಾನ್ವಿ ಸೀಮೆಯ ಭಜನೆಗಳಲ್ಲಿ ಹಾರ್ಮೋನಿಯಂ ಹಾಡಿನ ಬೆನ್ನಿಗೇ ಒಂದೊಂದು ಸ್ವರವಾಗಿ ಸಾಗುತ್ತದೆ. ಅದೇ ಪೆಟ್ಟಿಗೆಯಲ್ಲಿ ಮೂರು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಕಾರ್ಡ್ ಹುಟ್ಟುತ್ತದೆ.

• ‘ಬಿಳಿ ಒಂದು’ ಮನೆ (ಕೀಲಿ) ಷಡ್ಜವಾದರೆ, ಬಿಳಿ ಮನೆಗಳಷ್ಟರಲ್ಲೇ ಬಿಲಾವಲ್ ಥಾಟ್ ಸಿಗುತ್ತದೆ. ಕರ್ನಾಟಕ ಪದ್ಧತಿಯಲ್ಲಿ ಇದೇ ಶಂಕರಾಭರಣ ಮೇಳ.

• ಯಾವುದೇ ಬಿಳಿ ಮನೆಯಿಂದ ಶುರುಮಾಡಿ, ನಡುವೆ ಒಂದೊಂದು ಬಿಳಿ ಮನೆ ಬಿಟ್ಟು ಮೂರನ್ನು ಒತ್ತಿ. ಹೀಗೆ 7 ಕಾರ್ಡ್‌ಗಳಾಗುತ್ತವೆ.

• ಸ–ಗ–ಪ, ಮ–ಧ–ಸ, ಪ–ನಿ–ರಿ ಮೇಜರ್ ಕಾರ್ಡ್‌ಗಳು. ಕಪ್ಪು ಮನೆಗಳನ್ನೂ ಎಣಿಸಿದರೆ ಮೊದಲ ಅಂತರ 4 ಮನೆ, ಎರಡನೆಯದು 3.

• ರಿ–ಮ–ಧ, ಗ–ಪ–ನಿ, ಧ–ಸ–ಗ ಮೈನರ್. ಇಲ್ಲಿ ಮೊದಲು 3, ಆಮೇಲೆ 4. ಇಷ್ಟೇ ಬದಲಾವಣೆಗೆ ನಾದದಲ್ಲಿ ಕರುಣೆ ತುಂಬುತ್ತದೆ.

• ನಿ–ರಿ–ಮ ಒಂದೇ ಡಿಮಿನಿಶ್ಡ್. ಎರಡೂ ಅಂತರ 3. ಅದು ನೆಲೆ ನಿಲ್ಲದೆ ಸ–ಗ–ಪ ಕಡೆಗೆ ತುಡಿಯುತ್ತದೆ.

ರಾಗಸಂಗೀತ ಕಾರ್ಡ್‌ಗಳನ್ನು ನೆಚ್ಚಿಲ್ಲ. ಆದರೂ ಹರಿದಾಸ ಜಗನ್ನಾಥದಾಸರು (1728–1809) ನೆಲೆಸಿದ್ದ ಮಾನ್ವಿಯಲ್ಲಿ ತಂಬೂರಿಯ ನಾದಕ್ಕೆ ಕಿವಿಗೊಟ್ಟು ನೋಡಿ. ಸ, ಪ ತಂತಿಗಳು ಚೆನ್ನಾಗಿ ಶ್ರುತಿಗೂಡಿದರೆ, ತಂತಿಯೇ ಇಲ್ಲದ ಗಾಂಧಾರವೂ ಕೇಳಿಸುತ್ತದೆ. ಅದು ಷಡ್ಜದ ತಂತಿಯೊಳಗಿನ 5 ಪಟ್ಟು ವೇಗದ ಕಂಪನ. ಸ–ಗ–ಪ ಅಲ್ಲೇ ಕೂಡಿಬಂತಲ್ಲ!