ಚೀಟಿಯಲ್ಲಿ ಬರೆದ ಹೆಸರು
(ಆಕಾಶವಾಣಿ ಭಾಷಣ)

ವೈದ್ಯರ ಕೋಣೆಗೆ ಬಾಗಿಲುಂಟು. ಔಷಧದ ಅಂಗಡಿಗೆ ಬಾಗಿಲಿಲ್ಲ. ವೈದ್ಯರ ಮುಂದೆ ಕುಳಿತು ಹೇಳಿಕೊಂಡ ಮಾತು ನಾಲ್ಕು ಗೋಡೆಗಳ ಒಳಗೆ ಉಳಿಯುತ್ತದೆ. ಅವರು ಬರೆದುಕೊಟ್ಟ ಚೀಟಿಯನ್ನು ಹಿಡಿದು ನಾವು ನಿಲ್ಲುವುದು ಮಾತ್ರ ಬೀದಿಯ ಅಂಚಿನಲ್ಲಿ, ಹತ್ತು ಜನರ ನಡುವೆ. ಕೆಮ್ಮಿನ ಔಷಧಕ್ಕೋ ರಕ್ತದೊತ್ತಡದ ಗುಳಿಗೆಗೋ ಬಂದವರಿಗೆ ಇದರಿಂದ ಬಾಧಕವೇನೂ ಇಲ್ಲ. ಆದರೆ ಕೈಯಲ್ಲಿರುವ ಚೀಟಿಯೇ ತಮ್ಮ ಬಾಳಿನ ಒಳಮಾತನ್ನು ಊರಿಗೆ ಹೇಳಿಬಿಡುವಂತಿದ್ದರೆ? ಹುಟ್ಟಿದಾಗ ಗಂಡೆಂದು ಬರೆಸಿಕೊಂಡು ತಾವು ಹೆಣ್ಣೆಂದು ಬಲ್ಲವರು, ಹೆಣ್ಣೆಂದು ಬರೆಸಿಕೊಂಡು ತಾವು ಗಂಡೆಂದು ಬಲ್ಲವರು ನಮ್ಮ ನಡುವೆ ಇದ್ದಾರೆ. ಅವರು ಹಾರ್ಮೋನಿನ ಚೀಟಿ ಹಿಡಿದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಂಥ ಪೇಟೆಗಳ ಅಂಗಡಿಯ ಮುಂದೆ ನಿಂತಾಗ ಏನಾಗುತ್ತದೆ ಎಂಬುದು ಇಂದಿನ ಮಾತಿನ ವಿಷಯ. ಕನ್ನಡದ ಮೇಷ್ಟರಿಗೆ ಔಷಧದ ಗೊಡವೆ ಏಕೆಂದು ಕೇಳುವವರು ಇದ್ದಾರು. ಈ ತೊಂದರೆಯ ಅರ್ಧ ಭಾಗ ಭಾಷೆಯದು ಎಂಬುದೇ ನನ್ನ ಉತ್ತರ.

ಮೊದಲು ಔಷಧದ ಮಾತು. ‘ಹಾರ್ಮೋನು’ ಎಂಬ ಶಬ್ದವನ್ನು 1905ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಶರೀರವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್. ಚಾಲನೆ ಕೊಡು, ಪ್ರಚೋದಿಸು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಅದು ಹುಟ್ಟಿದೆ. ದೇಹದ ಒಂದು ಮೂಲೆಯ ಗ್ರಂಥಿಯಿಂದ ಹೊರಟು ರಕ್ತದ ಮೂಲಕ ಇನ್ನೊಂದು ಮೂಲೆಗೆ ಆಜ್ಞೆ ಒಯ್ಯುವ ರಾಸಾಯನಿಕ ದೂತ ಅದು. ಮುಂದೆ ಲೈಂಗಿಕ ಹಾರ್ಮೋನುಗಳ ಸಂಶೋಧನೆಗಾಗಿ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಅವರಿಗೆ 1939ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೆಣ್ಣಿನ ಹಾರ್ಮೋನು, ಗಂಡಿನ ಹಾರ್ಮೋನು ಎಂದು ನಾವು ಸಲೀಸಾಗಿ ಹೆಸರಿಡುತ್ತೇವಾದರೂ ಎರಡೂ ಎಲ್ಲರ ದೇಹದಲ್ಲಿಯೂ ಉಂಟು, ಭೇದವಿರುವುದು ಪ್ರಮಾಣದಲ್ಲಿ. ವೈದ್ಯರು ಮಾಡುವುದು ಆ ಪ್ರಮಾಣದ ಬದಲಾವಣೆಯನ್ನೇ. ಹೆಣ್ಣಾಗಿ ಬಾಳುವವರಿಗೆ ಎಸ್ಟ್ರಡಯಾಲ್ ಗುಳಿಗೆ, ಅದರ ಜೊತೆಗೆ ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನಿನಂಥ ಇನ್ನೊಂದು; ಗಂಡಾಗಿ ಬಾಳುವವರಿಗೆ ಟೆಸ್ಟೋಸ್ಟಿರೋನ್ ಚುಚ್ಚುಮದ್ದು. ಫಲ ಒಂದೆರಡು ದಿನಗಳಲ್ಲಿ ಕಾಣುವಂಥದಲ್ಲ, ತಿಂಗಳು ವರ್ಷಗಳಲ್ಲಿ ಕಾಣುವಂಥದು. ನಡುನಡುವೆ ರಕ್ತಪರೀಕ್ಷೆ ಬೇಕು: ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಲ್ಲಿ ಪೊಟಾಸಿಯಂ ಏರಬಹುದು, ಟೆಸ್ಟೋಸ್ಟಿರೋನ್ ತೆಗೆದುಕೊಳ್ಳುವವರಲ್ಲಿ ರಕ್ತ ಗಟ್ಟಿಯಾಗಬಹುದು. ಇದನ್ನು ಮನೋರೋಗವೆಂದು ಕರೆಯುವ ರೂಢಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ತನ್ನ ರೋಗಪಟ್ಟಿಯಲ್ಲಿ ಕೈಬಿಟ್ಟಿತು. ಆ ಪಟ್ಟಿ 2022ರಿಂದ ಜಾರಿಗೆ ಬಂದಿದೆ.

ಈಗ ನಮ್ಮ ಸೀಮೆಯ ಮಾತು. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣ ಈ ಕೊಪ್ಪಳವೇ. ಇದೇ ತಾಲ್ಲೂಕಿನಲ್ಲಿ, ತುಂಗಭದ್ರೆಯ ಬದಿಗೆ ಹುಲಿಗಿ ಇದೆ. ಹುಲಿಗೆಮ್ಮನ ಗುಡಿ ಇದೆ. ಸವದತ್ತಿಯ ಎಲ್ಲಮ್ಮನಂತೆ ಈ ದೇವಿಗೂ ಜೋಗಪ್ಪಗಳ ಪರಂಪರೆಯುಂಟು. ಗಂಡಾಗಿ ಹುಟ್ಟಿ, ದೇವಿಯ ಕರೆ ಬಂದು, ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಕೊಡ ಹೊತ್ತು ಚೌಡಿಕೆ ನುಡಿಸುತ್ತ ಬರುವವರನ್ನು ನಮ್ಮ ಜನ ಇಂದಿಗೂ ಬಾಗಿಲಲ್ಲಿ ನಿಲ್ಲಿಸಿ ಅಕ್ಕಿ ಜೋಳ ನೀಡುತ್ತಾರೆ, ಅವರಿಂದ ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ದೀಕ್ಷೆ ಪಡೆದುದು 1975ರಲ್ಲಿ, ಈ ಹುಲಿಗೆಮ್ಮನ ಸನ್ನಿಧಿಯಲ್ಲಿ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಅವರಿಗೆ ಬಂದಿತು.

ಜೋಗಪ್ಪಗಳ ಸಂಪ್ರದಾಯಕ್ಕೆ ಶಸ್ತ್ರಕ್ರಿಯೆಯೂ ಬೇಕಿಲ್ಲ, ಗುಳಿಗೆಯೂ ಬೇಕಿಲ್ಲ. ದೇವಿಯ ಆಜ್ಞೆಯೇ ಅಲ್ಲಿ ಸಾಕು. ಹಾರ್ಮೋನಿನ ಚೀಟಿ ಹಿಡಿದು ಬರುವವರೆಲ್ಲ ಜೋಗಪ್ಪಗಳಲ್ಲ, ಜೋಗಪ್ಪಗಳೆಲ್ಲ ಹಾರ್ಮೋನು ತೆಗೆದುಕೊಳ್ಳುವವರಲ್ಲ. ಇವೆರಡನ್ನು ಕಲಸಬಾರದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹುಣ್ಣಿಮೆಯ ದಿನ ಹುಲಿಗಿಯಲ್ಲಿ ಸೀರೆಯುಟ್ಟ ಜೋಗಪ್ಪನ ಕಾಲಿಗೆ ಎರಗುವ ಕೈಯೇ ಮರುದಿನ ಪೇಟೆಯ ಅಂಗಡಿಯಲ್ಲಿ ಪಕ್ಕದವನ ಪಕ್ಕೆ ತಿವಿದು ನಗುವುದೇಕೆ? ದೇವರು ಬದಲಿಸಿದರೆ ಪೂಜ್ಯ, ಮನುಷ್ಯ ತಾನಾಗಿ ತನ್ನನ್ನು ಅರಿತುಕೊಂಡರೆ ಅಪಹಾಸ್ಯ ಎಂದು ನಾವು ಬಗೆದಿದ್ದೇವೆಯೆ? ಭಕ್ತಿಯಿಂದ ಕೊಟ್ಟ ಮರ್ಯಾದೆ ಗುಡಿಯ ಮೆಟ್ಟಿಲಿಳಿದೊಡನೆ ಮುಗಿಯುವುದಾದರೆ, ಅದು ಆ ವ್ಯಕ್ತಿಗೆ ಕೊಟ್ಟ ಮರ್ಯಾದೆ ಆಗಿರಲಿಲ್ಲವೆಂದೇ ಹೇಳಬೇಕಾಗುತ್ತದೆ.

ಅಂಗಡಿಯ ಮುಂದಿನ ಅನುಭವವನ್ನು ನನಗೆ ಪರಿಚಿತರಾದ ಕೆಲವರು ಬಿಚ್ಚಿ ಹೇಳಿದ್ದಾರೆ. ಅವರ ಹೆಸರು, ಊರು ಇಲ್ಲಿ ಅಪ್ರಸ್ತುತ. ಒಬ್ಬರು ಹೇಳಿದರು: “ಚೀಟಿ ಕೊಟ್ಟ ಕೂಡ್ಲೆ ಅಂಗಡಿಯವ್ರು ಒಮ್ಮೆ ಚೀಟಿ ನೋಡ್ತಾರ್ರಿ ಸರ್, ಒಮ್ಮೆ ನನ್ನ ಮಾರಿ ನೋಡ್ತಾರ. ಇದು ಮುಟ್ಟು ನಿಂತ ಹೆಣ್ಮಕ್ಕಳ ಗುಳಿಗಿ, ಯಾರಿಗೆ ಅಂತಾರ. ಅಕ್ಕಗ ಅಂತೀನ್ರಿ. ನನಗ ಅಕ್ಕ ಇಲ್ಲ. ಎರಡು ವರ್ಷ ಆತು, ಇಲ್ಲದ ಅಕ್ಕನ ಹೆಸರು ಹೇಳಿ ಗುಳಿಗಿ ತಗೊಂಡು ಬರಾಕ ಹತ್ತೀನಿ.” ಇನ್ನೊಬ್ಬರದು ಬೇರೆ ಕಥೆ. ಅವರ ಕಾಗದಪತ್ರಗಳಲ್ಲಿ ಇರುವುದು ಹೆತ್ತವರು ಇಟ್ಟ ಗಂಡು ಹೆಸರು, ಚೀಟಿಯಲ್ಲಿಯೂ ಅದೇ. ಔಷಧ ಕಟ್ಟುವ ಹುಡುಗ ಆ ಹೆಸರನ್ನು ಗಟ್ಟಿಯಾಗಿ ಕೂಗಿದಾಗ ಸೀರೆಯುಟ್ಟ ಅವರು ಮುಂದೆ ಬರಬೇಕು. ಒಂದು ದಿನ ಅವರು ಮುಂದೆ ಬರಲೇ ಇಲ್ಲ. ದುಡ್ಡನ್ನೂ ಔಷಧವನ್ನೂ ಅಲ್ಲಿಯೇ ಬಿಟ್ಟು ಬಸ್ ನಿಲ್ದಾಣಕ್ಕೆ ನಡೆದರು. ಮೂರನೆಯವರು ಗಂಡಾಗಿ ಬಾಳುತ್ತಿರುವವರು. ಅವರು ಟೆಸ್ಟೋಸ್ಟಿರೋನ್ ಕೇಳಿದರೆ, ಗರಡಿಮನೆಯ ಹುಡುಗರು ಮೈ ಬೆಳೆಸಲು ಕದ್ದು ಚುಚ್ಚಿಸಿಕೊಳ್ಳುವ ಔಷಧವೆಂಬ ಶಂಕೆ. ಹೀಗೆ ಕೊಪ್ಪಳದವರು ಹೊಸಪೇಟೆಗೆ, ಕುಷ್ಟಗಿಯವರು ಮತ್ತೊಂದು ಊರಿಗೆ, ಗುರುತಿನವರಿಲ್ಲದ ಅಂಗಡಿಯನ್ನು ಅರಸಿ ಹೋಗುತ್ತಾರೆ. ಗುಳಿಗೆಯ ಬೆಲೆಗೆ ಬಸ್ಸಿನ ಚಾರ್ಜು ಸೇರುತ್ತದೆ, ಒಂದು ದಿನದ ಕೂಲಿ ಕಳೆಯುತ್ತದೆ.

ಈ ಸಂಕೋಚದ ಫಲ ಮನಸ್ಸಿನ ನೋವಿನಲ್ಲಿಯೇ ಮುಗಿಯುವುದಿಲ್ಲ, ದೇಹಕ್ಕೂ ಇಳಿಯುತ್ತದೆ. ಪ್ರಶ್ನೆ ಕೇಳದೆ ಸಿಕ್ಕುವ ಹಾರ್ಮೋನು ಒಂದೇ: ಮಾಲಾ-ಡಿಯಂಥ ಕುಟುಂಬಯೋಜನೆಯ ಗುಳಿಗೆ. ಅದಕ್ಕೆ ಚೀಟಿ ಬೇಡ, ಬೆಲೆಯೂ ಸ್ವಲ್ಪ. ದೇಶದ ಅನೇಕ ಕಡೆ ಮಂಗಳಮುಖಿಯರು ಅದನ್ನೇ ದಿನಕ್ಕೆ ಎರಡು, ಮೂರು, ನಾಲ್ಕು ನುಂಗುವುದುಂಟು. ಆ ಗುಳಿಗೆಯಲ್ಲಿರುವ ಎಥಿನೈಲ್ ಎಸ್ಟ್ರಡಯಾಲ್ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿಸುವ ಅಪಾಯವನ್ನು ಹೆಚ್ಚಿಸುತ್ತದೆ. ಪ್ರಮಾಣ ಏರಿದಷ್ಟೂ, ತಂಬಾಕಿನ ಸಹವಾಸವಿದ್ದಷ್ಟೂ, ವಯಸ್ಸಾದಷ್ಟೂ ಅಪಾಯ ಹೆಚ್ಚು. ಈ ಕಾರಣಕ್ಕಾಗಿಯೇ ಬಲ್ಲ ವೈದ್ಯರು ಈ ಚಿಕಿತ್ಸೆಯಲ್ಲಿ ಅದನ್ನು ಕೈಬಿಟ್ಟು ಎಸ್ಟ್ರಡಯಾಲನ್ನು ಬರೆಯುತ್ತಾರೆ. ಎರಡರಷ್ಟು ನುಂಗಿದರೆ ಎರಡರಷ್ಟು ಬೇಗ ಫಲ ಬರುವುದಿಲ್ಲ. ಇನ್ನು ಶಸ್ತ್ರಕ್ರಿಯೆಯಾಗಿ ವೃಷಣಗಳಿಲ್ಲದವರು ಔಷಧ ಸಿಕ್ಕದೆ ದೀರ್ಘಕಾಲ ಬಿಟ್ಟರೆ ಅವರ ದೇಹದಲ್ಲಿ ಎರಡು ಹಾರ್ಮೋನುಗಳೂ ಸಾಲದಾಗಿ ಮೂಳೆಗಳು ಸವೆಯತೊಡಗುತ್ತವೆ. ಅಂಗಡಿಯ ಮುಂದಿನ ಒಂದು ನಗು ಎಷ್ಟು ದೂರ ಹೋಗಿ ಮುಟ್ಟುತ್ತದೆ ಎಂಬುದನ್ನು ನಗುವವರು ಅರಿಯರು.

ಅಂಗಡಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಎಲ್ಲರೂ ಕುಚೋದ್ಯದವರಲ್ಲ, ಹಲವರಿಗೆ ಇರುವುದು ಭಯ. ಈ ಔಷಧಗಳು ‘ಎಚ್’ ಅನುಸೂಚಿಗೆ ಸೇರಿದವು. ವೈದ್ಯರ ಚೀಟಿಯಿಲ್ಲದೆ ಮಾರಿದರೆ ಅಪರಾಧ. ಸಣ್ಣ ಊರಿನಲ್ಲಿ ತಿಂಗಳಿಗೊಬ್ಬರು ಕೇಳುವ ಗುಳಿಗೆಯನ್ನು ತರಿಸಿಟ್ಟು ಅವಧಿ ಮೀರಿಹೋದರೆ ನಷ್ಟವೂ ಅವರದೇ. ಹಾಗಾದರೆ ನಿಯಮ ನಿಜವಾಗಿ ಏನು ಕೇಳುತ್ತದೆ? 1940ರ ಔಷಧ ಕಾಯಿದೆಯ ಅಡಿಯಲ್ಲಿ ಬಂದ 1945ರ ನಿಯಮಾವಳಿಯ 65ನೆಯ ನಿಯಮವನ್ನು ನೋಡಬೇಕು. ಚೀಟಿ ಬರವಣಿಗೆಯಲ್ಲಿರಬೇಕು, ವೈದ್ಯರ ಸಹಿ, ತಾರೀಖು ಇರಬೇಕು, ಯಾರ ಚಿಕಿತ್ಸೆಗೆ ಬರೆದುದೋ ಅವರ ಹೆಸರು, ವಿಳಾಸ ಇರಬೇಕು, ಔಷಧದ ಒಟ್ಟು ಮೊತ್ತ, ಸೇವಿಸಬೇಕಾದ ಪ್ರಮಾಣ ಇರಬೇಕು. ಈ ಪಟ್ಟಿಯಲ್ಲಿ ಗಂಡೋ ಹೆಣ್ಣೋ ಎಂಬ ಪ್ರಶ್ನೆ ಇಲ್ಲ. ನೋಂದಾಯಿತ ಫಾರ್ಮಸಿಸ್ಟರು ಪ್ರಮಾಣ ಹೆಚ್ಚಾಯಿತೇ, ಬೇರೆ ಔಷಧದೊಡನೆ ಹೊಂದುತ್ತದೆಯೇ ಎಂದು ಕೇಳುವುದು ಅವರ ಧರ್ಮ, ಅದನ್ನು ಕೇಳಲೇಬೇಕು. ಅದು ಔಷಧವನ್ನು ಕುರಿತ ಪ್ರಶ್ನೆ. “ನೀನು ಯಾರು?” ಎಂಬುದು ಔಷಧವನ್ನು ಕುರಿತ ಪ್ರಶ್ನೆಯಲ್ಲ. ರೋಗಿಯ ಗುಟ್ಟನ್ನು ಕಾಪಾಡುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ವೃತ್ತಿನಿಯಮಗಳೂ ಹೇಳಿವೆ.

ಅದೇ 65ನೆಯ ನಿಯಮದಲ್ಲಿ ಉಪಯುಕ್ತವಾದ ಇನ್ನೊಂದು ಅಂಶವುಂಟು. ಇಷ್ಟು ಸಲ, ಇಷ್ಟು ದಿನಕ್ಕೊಮ್ಮೆ ಕೊಡಬಹುದೆಂದು ವೈದ್ಯರು ಚೀಟಿಯಲ್ಲಿ ಬರೆಯದಿದ್ದರೆ ಆ ಚೀಟಿಗೆ ಒಂದೇ ಸಲ ಔಷಧ ಕೊಡತಕ್ಕದ್ದು. ಈ ಚಿಕಿತ್ಸೆಯನ್ನು ಬಲ್ಲ ವೈದ್ಯರು ದೊಡ್ಡ ಊರುಗಳಲ್ಲಿ ಇರುತ್ತಾರೆ. ಔಷಧ ಬೇಕಾದುದು ತಿಂಗಳು ತಿಂಗಳೂ. ಹಳೆಯ ಚೀಟಿ ನಡೆಯದೆಂದು ಅಂಗಡಿಯವರು ಹಿಂದಕ್ಕೆ ಕಳಿಸಿದರೆ ಅವರು ತಪ್ಪು ಮಾಡಿದಂತಾಗಲಿಲ್ಲ. ವೈದ್ಯರು ಒಂದು ಸಾಲು ಹೆಚ್ಚಿಗೆ ಬರೆದಿದ್ದರೆ ರೋಗಿಯ ಅಲೆದಾಟ ತಪ್ಪುತ್ತಿತ್ತು. ಚೀಟಿ ಪಡೆಯುವಾಗಲೇ ಆ ಸಾಲನ್ನು ಕೇಳಿ ಬರೆಸಿಕೊಳ್ಳುವುದು ಲೇಸು.

ಹೆಸರು ಬರೆಸಲು ಇವರು ಅಂಜುವುದೇಕೆ ಎಂಬುದಕ್ಕೆ ನಮ್ಮ ಸೀಮೆಯ ಇತಿಹಾಸದಲ್ಲಿಯೂ ಕಾರಣವಿದೆ. 1948ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಆ ಸಂಸ್ಥಾನದಲ್ಲಿ 1329 ಫಸಲಿಯಲ್ಲಿ, ಎಂದರೆ 1919ರ ಸುಮಾರಿಗೆ, ಒಂದು ಕಾಯಿದೆ ಬಂದಿತು. ಅದು ಇಂಥವರ ಹೆಸರು, ವಾಸಸ್ಥಳಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಲು ಹೇಳಿತು. ಹಾಗೆ ಬರೆಸಿಕೊಂಡವರು ಬೀದಿಯಲ್ಲಿ ಹೆಣ್ಣುಡುಗೆಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದೆಂದಿತು. ತೆಲಂಗಾಣದಲ್ಲಿ ಉಳಿದುಬಂದಿದ್ದ ಆ ಕಾಯಿದೆಯನ್ನು ಅಲ್ಲಿನ ಉಚ್ಚ ನ್ಯಾಯಾಲಯ ರದ್ದುಗೊಳಿಸಿದುದು 2023ರಲ್ಲಿ. ಹೆಸರು ಬರೆಸುವುದೆಂದರೆ ಹಿಡಿದುಕೊಡುವುದು ಎಂಬ ಅಂಜಿಕೆ ಒಂದು ತಲೆಮಾರಿನಲ್ಲಿ ಅಳಿಯುವುದಿಲ್ಲ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ ಇವರ ಗುರುತನ್ನು ಮಾನ್ಯ ಮಾಡಿ ತೀರ್ಪು ಕೊಟ್ಟಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಹಾರ್ಮೋನು ಚಿಕಿತ್ಸೆಯ ಸೌಲಭ್ಯ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ಆದರೆ ದಿಲ್ಲಿಯ ತೀರ್ಪು ಯಲಬುರ್ಗಾದ ಅಂಗಡಿಗೆ ತಲುಪುವ ದಾರಿ ಉದ್ದವಾದದ್ದು.

ಕೊನೆಗೆ ನನ್ನ ಭಾಷೆಯ ಮಾತು. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಲಿಂಗಗಳನ್ನು ಮೂರಕ್ಕೆ ನಿಲ್ಲಿಸದೆ ಒಂಬತ್ತು ಬಗೆಯಾಗಿ ಎಣಿಸಿದ್ದಾನೆ. ಅದು ಶಬ್ದಗಳ ವಿಚಾರ, ಮನುಷ್ಯರದಲ್ಲ. ಆದರೂ ಮೂರೇ ಮನೆಗಳಲ್ಲಿ ಎಲ್ಲವನ್ನೂ ಕೂಡಿಹಾಕಲು ಆಗದೆಂಬ ತಿಳಿವು ನಮ್ಮ ವೈಯಾಕರಣನಿಗೆ ಏಳುನೂರು ವರ್ಷಗಳ ಹಿಂದೆಯೇ ಇತ್ತೆಂಬುದು ಗಮನಾರ್ಹ. ‘ಬಂದನು’ ಎಂದರೆ ಗಂಡು, ‘ಬಂದಳು’ ಎಂದರೆ ಹೆಣ್ಣು. ‘ಬಂದಿತು’ ಎಂಬುದು ದನಕ್ಕೂ ಕಲ್ಲಿಗೂ ಮೀಸಲು. “ಅದು ಬಂತು ನೋಡು” ಎಂದು ಇವರನ್ನು ಕುರಿತು ಆಡುವ ಮಾತು ಎಷ್ಟು ಕ್ರೂರವೆಂಬುದು ಕನ್ನಡ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಒಂದೇ ಪ್ರತ್ಯಯದಿಂದ ಮನುಷ್ಯರನ್ನು ಮನುಷ್ಯಕುಲದಿಂದ ಹೊರಗೆ ನೂಕಿದಂತಾಯಿತು. ಆದರೆ ಅದೇ ಕನ್ನಡ ‘ಬಂದರು’ ಎಂಬ ರೂಪವನ್ನೂ ಇಟ್ಟುಕೊಂಡಿದೆ. ಗೌರವದ ಬಹುವಚನಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ನಮ್ಮ ಸೀಮೆಯ ‘ರೀ’ ಎಂಬ ಒಂದಕ್ಷರಕ್ಕಂತೂ ಆ ಭೇದ ಗೊತ್ತೇ ಇಲ್ಲ. ಗೌಡರಿಗೂ ಅದೇ, ಗೌಡತಿಗೂ ಅದೇ. ಹೊಸ ಸರ್ವನಾಮಗಳನ್ನು ಟಂಕಿಸಲು ಬೇರೆ ದೇಶಗಳಲ್ಲಿ ಪಂಡಿತರು ಶ್ರಮಿಸುತ್ತಿದ್ದಾರೆ. ನಮಗೆ ಆ ಶ್ರಮ ಬೇಕಿಲ್ಲ. ಮರ್ಯಾದೆ ಕೊಟ್ಟರೆ ಸಾಕು, ವ್ಯಾಕರಣ ತಾನಾಗಿ ಸರಿಹೋಗುತ್ತದೆ.

ಆದ್ದರಿಂದ ಅಂಗಡಿಯವರಲ್ಲಿ ನಾನು ಬೇಡುವುದು ದೊಡ್ಡದೇನಲ್ಲ. ಹೆಸರನ್ನು ಗಟ್ಟಿಯಾಗಿ ಕೂಗಬೇಡಿ. ಬಿಲ್ಲಿನ ನಂಬರು ಕರೆದರೆ ಸಾಕು. ಔಷಧದ ಪ್ರಶ್ನೆಯಿದ್ದರೆ ಬದಿಗೆ ಕರೆದು ಮೆಲ್ಲನೆ ಕೇಳಿ. ಸರಕು ಇಲ್ಲದಿದ್ದರೆ ಯಾವ ದಿನ ತರಿಸಿಕೊಡುವಿರೆಂದು ಹೇಳಿ. ಸರದಿಯಲ್ಲಿ ಹಿಂದೆ ನಿಂತ ನಮ್ಮಂಥವರು ಮಾಡಬೇಕಾದುದು ಇನ್ನೂ ಕಡಿಮೆ: ಪರರ ಚೀಟಿಯ ಮೇಲಿಂದ ನಮ್ಮ ಕಣ್ಣನ್ನು ತೆಗೆಯುವುದು. ಚೀಟಿ ಹಿಡಿದು ಬಂದವರಿಗೆ “ಬರ್ರಿ, ಏನ್ ಬೇಕಾಗಿತ್ತ್ರೀ?” ಎಂಬ ಮಾತು ಕೇಳಿಸಿದರೆ, ಇಲ್ಲದ ಅಕ್ಕನ ಹೆಸರು ಹೇಳುವ ಪ್ರಮೇಯ ಯಾರಿಗೂ ಬಾರದು.