ಮನೆಯಲ್ಲೇ ಸೈಡರ್ ಮಾಡ್ತೀರಾ? ಬಾಟಲಿ ಬಿಗಿಯಾಗಿ ಮುಚ್ಚುವ ಮುನ್ನ ಇದನ್ನು ಓದಿ

'ಸೇಬಿನ ರಸಕ್ಕೆ ಚಿಟಿಕೆ ಯೀಸ್ಟ್ ಹಾಕಿ, ಬಿಗಿಯಾಗಿ ಮುಚ್ಚಿ, ಹತ್ತು ದಿನ ಬಿಡಿ. ಸೈಡರ್ ರೆಡಿ!' ಈ ಧಾಟಿಯ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಸೇಬು ಸರಿ, ಯೀಸ್ಟೂ ಸರಿ. ಅಪಾಯ ಇರುವುದು 'ಬಿಗಿಯಾಗಿ' ಎಂಬ ಒಂದು ಪದದಲ್ಲಿ.

ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ತೂಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಒಂದು ಲೀಟರ್ ಸೇಬಿನ ರಸದಲ್ಲಿ ಸುಮಾರು 100 ಗ್ರಾಂ ಸಕ್ಕರೆ ಇರುತ್ತದೆ. ಅದಷ್ಟೂ ಹುದುಗಿದರೆ ಹುಟ್ಟುವ ಅನಿಲ ಸುಮಾರು 25 ಲೀಟರ್! ಅದಕ್ಕೆ ಹೊರಹೋಗಲು ದಾರಿ ಇಲ್ಲದಿದ್ದರೆ ಗಾಜಿನ ಬಾಟಲಿ ಸಿಡಿಯಬಹುದು. 'ಆಯ್ತಾ?' ಎಂದು ಬಗ್ಗಿ ನೋಡುವವರ ಮುಖ ಆಗ ಎಲ್ಲಿರುತ್ತದೆ, ಯೋಚಿಸಿ. ಫ್ರಿಜ್‌ನಲ್ಲಿಟ್ಟರೂ ಯೀಸ್ಟ್ ನಿಧಾನವಾಗುತ್ತದೆ ಅಷ್ಟೇ, ಸಾಯುವುದಿಲ್ಲ.

ಹಾಗಂತ ಬಾಯಿ ತೆರೆದಿಟ್ಟರೆ ಗಾಳಿಯ ಆಮ್ಲಜನಕ ಸಿಕ್ಕಿ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡು ಸೈಡರನ್ನು ವಿನೆಗರ್ ಮಾಡಿಬಿಡುತ್ತವೆ. ಸೈಡರ್ ಮಾಡುವ ದೇಶಗಳಲ್ಲಿ ಇದಕ್ಕೆ ಏರ್‌ಲಾಕ್ ಬಳಸುತ್ತಾರೆ. ಮುಚ್ಚಳದಿಂದ ಹೊರಟ ಕೊಳವೆಯ ತುದಿ ನೀರಿನಲ್ಲಿ ಮುಳುಗಿರುತ್ತದೆ. ಗುಳ್ಳೆ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುವುದಿಲ್ಲ.

ವಿಡಿಯೋ ಹೇಳದ ಇನ್ನೊಂದು ವಿಷಯ: ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ.

ಹುದುಗಿಸುವ ಆಸೆ ಇದ್ದರೆ ತರಕಾರಿಯಿಂದ ಶುರು ಮಾಡಿ. ನಿಜ ಹೇಳಬೇಕೆಂದರೆ ನೀವು ಹೊಸಬರೇನಲ್ಲ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೋನಾಸ್ಟಾಕ್ ಎಂಬ ಬ್ಯಾಕ್ಟೀರಿಯಾವೇ ಜರ್ಮನಿಯ ಹುಳಿ ಎಲೆಕೋಸಿಗೂ ಚಾಲನೆ ಕೊಡುವುದು. ಸಣ್ಣಗೆ ಹೆಚ್ಚಿದ ಅರ್ಧ ಕೆಜಿ ಎಲೆಕೋಸಿಗೆ 10 ಗ್ರಾಂ ಉಪ್ಪು, ಅಂದರೆ ತೂಕದ ಶೇ. 2. ಕಣ್ಣಳತೆ ಬೇಡ, ತೂಗಿ ಹಾಕಿ. ಉಪ್ಪು ಕಡಿಮೆಯಾದರೆ ಕೊಳೆಸುವ ಸೂಕ್ಷ್ಮಾಣುಗಳಿಗೆ ಅವಕಾಶ ಸಿಗುತ್ತದೆ. ಚೆನ್ನಾಗಿ ಹಿಸುಕಿದರೆ ಅದರದ್ದೇ ನೀರು ಬಿಡುತ್ತದೆ. ಆ ನೀರಿನಡಿ ಎಲೆಕೋಸು ಪೂರ್ತಿ ಮುಳುಗಿರಬೇಕು, ಮೇಲೆ ತೇಲಿದ ಚೂರಿಗೇ ಮೊದಲು ಬೂಷ್ಟು ಹಿಡಿಯುವುದು. ಮುಚ್ಚಳ ಇಲ್ಲೂ ಸಡಿಲವಾಗಿರಲಿ. ನಮ್ಮ ಸೆಕೆಗೆ ನಾಲ್ಕೈದು ದಿನದಲ್ಲೇ ಹುಳಿ ಬಂದಿರುತ್ತದೆ, ಆಮೇಲೆ ಫ್ರಿಜ್‌ಗೆ ಹಾಕಿ.

ಮೇಲೆ ತೆಳ್ಳಗೆ, ಬಿಳಿ ಪೊರೆ ಕಟ್ಟಿದರೆ? ಅದು ಸಾಮಾನ್ಯವಾಗಿ ಒಂದು ಬಗೆಯ ಯೀಸ್ಟ್, ತೆಗೆದುಹಾಕಿ ಬಳಸಬಹುದು. ಹಸಿರು, ಕಪ್ಪು, ಗುಲಾಬಿ ಬಣ್ಣ ಅಥವಾ ಹತ್ತಿಯಂಥ ನವಿರು ಕಂಡರೆ ಮಾತ್ರ ಇಡೀ ಜಾಡಿಯನ್ನೇ ಚೆಲ್ಲಿ. 'ಮೇಲಿಂದ ಕೆರೆದು ತಿನ್ನಿ' ಎಂಬ ಸಲಹೆ ಇಲ್ಲಿ ನಡೆಯದು, ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೂ ಇಳಿದಿರುತ್ತವೆ.

'ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಹೊರಗಿಡಿ' ಎನ್ನುವ ಫಾರ್ವರ್ಡ್ ಬಂದರಂತೂ ಅಲ್ಲೇ ಅಳಿಸಿಬಿಡಿ. ಇದು ಹುದುಗಿಸುವಿಕೆಯೇ ಅಲ್ಲ. ಉಪ್ಪಿನಲ್ಲಿ ಹುಳಿ ಬಂದ ತರಕಾರಿಯ ಪಿಎಚ್ 4.6ಕ್ಕಿಂತ ಕೆಳಗಿಳಿಯುತ್ತದೆ, ಅಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯಲಾರದು. ಎಣ್ಣೆಯಲ್ಲಿ ಆ ಹುಳಿಯೂ ಇಲ್ಲ, ಗಾಳಿಯೂ ಇಲ್ಲ. ಅದಕ್ಕೆ ಬೇಕಾದದ್ದೂ ಅದೇ. ಅದರ ವಿಷ ನರಗಳನ್ನೇ ನಿಷ್ಕ್ರಿಯ ಮಾಡುತ್ತದೆ, ಎಣ್ಣೆಯ ವಾಸನೆ, ರುಚಿಯಲ್ಲಿ ಏನೂ ಗೊತ್ತಾಗದೇ ಇರಬಹುದು. ಮಾಡಿದರೂ ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ.